ಮಾಡಿದ್ದುಣ್ಣುವ ಮನುಷ್ಯ, ಸಾಕಿ ಬೆಳೆಸುವ ದೇವರು: ‘ಚೋಮನ ದುಡಿ’ಯ ಒಂದು ಓದು

“ಮಾಡಿದ್ದುಣ್ಣೋ ಮಹರಾಯ” ಎಂಬ ಗಾದೆ ನಮ್ಮ ನಾಡಿನಲ್ಲಿ ಯಾರಿಗೆ ತಾನೇ ಗೊತ್ತಿಲ್ಲ? 1915ರಷ್ಟು ಹಿಂದೆಯೇ ಎಂ. ಎಸ್. ಪುಟ್ಟಣ್ಣನವರು ತಮ್ಮ ಕಾದಂಬರಿಗೆ ಈ ಗಾದೆಯನ್ನೇ ಹೆಸರಾಗಿಟ್ಟರು. ಗಾದೆ ಸುಳ್ಳಲ್ಲ. ಮನುಷ್ಯನು ಬಿತ್ತಿದ್ದನ್ನೇ ಕೊಯ್ಯುತ್ತಾನೆ ಎಂದು ಸಂತ ಪೌಲರೂ ಗಲಾತ್ಯರಿಗೆ ಬರೆದ ಪತ್ರದ ಆರನೆಯ ಅಧ್ಯಾಯದಲ್ಲಿ ಎಚ್ಚರಿಸುತ್ತಾರೆ. ಆದರೆ ಅದೇ ಅಧ್ಯಾಯದಲ್ಲಿ, ಈ ಎಚ್ಚರಿಕೆಗೆ ಐದೇ ವಚನಗಳ ಹಿಂದೆ, ಒಬ್ಬರ ಹೊರೆಯನ್ನು ಇನ್ನೊಬ್ಬರು ಹೊರಬೇಕೆಂದೂ, ಕ್ರಿಸ್ತನ ಕಟ್ಟಳೆಯು ನೆರವೇರುವುದು ಹಾಗೆಯೇ ಎಂದೂ ಅವರು ಹೇಳಿದ್ದಾರೆ. ನಮಗೆ ಕೊಯ್ಲಿನ ಮಾತು ನೆನಪಿದೆ. ಹೊರೆಯ ಮಾತು ಮರೆತುಹೋಗಿದೆ.

ಕುಡಿತದಿಂದ ಹಾಸಿಗೆ ಹಿಡಿದವನ ಮನೆಗೆ ಹೋಗಿ ಬಂದ ಮೇಲೆ, ಸಾಲಕ್ಕೆ ಹೊಲ ಕಳೆದುಕೊಂಡವನ ಸುದ್ದಿ ಕೇಳಿದ ಮೇಲೆ, ನಾವು ಆಡುವ ಮಾತುಗಳು ಸಾಮಾನ್ಯವಾಗಿ ಎರಡೇ. “ತಾನೇ ಕೈಯಾರೆ ತಂದುಕೊಂಡದ್ದು” ಎನ್ನುವುದು ಒಂದು. “ದೇವರು ಕೊಟ್ಟ ಶಿಕ್ಷೆ” ಎನ್ನುವುದು ಇನ್ನೊಂದು. ಎರಡು ಮಾತುಗಳೂ ಬೇರೆಬೇರೆಯೆಂದು ತೋರಿದರೂ ಮಾಡುವ ಕೆಲಸ ಒಂದೇ. ಆ ಮನೆಯ ಕಡೆಗೆ ನಮಗಿದ್ದ ಕರ್ತವ್ಯವನ್ನು ಅವು ಅಲ್ಲಿಗೇ ಮುಗಿಸಿಬಿಡುತ್ತವೆ. ಈ ಮಾತುಗಳು ಕ್ರೈಸ್ತ ವಿಶ್ವಾಸಕ್ಕೆ ಒಪ್ಪುವಂಥವೇ? ಮನುಷ್ಯನು ತಾನಾಗಿ ತಂದುಕೊಂಡ ನೋವಿಗೂ ದೇವರ ಶಿಸ್ತಿಗೂ ಏನು ಸಂಬಂಧ? ಈ ಪ್ರಶ್ನೆಗಳನ್ನು ಕನ್ನಡದ ಒಂದು ಶ್ರೇಷ್ಠ ಕಾದಂಬರಿಯ ಬೆಳಕಿನಲ್ಲಿ ವಿಚಾರಮಾಡುವುದು ಈ ಲೇಖನದ ಉದ್ದೇಶ. ಅದಕ್ಕೆ ಮೊದಲು ನಮ್ಮ ಸೀಮೆಯ ರೇಷ್ಮೆ ಮನೆಯೊಳಗೆ ಒಮ್ಮೆ ಹೋಗಿಬರೋಣ.

ಜ್ವರವೋ, ರೋಗವೋ?

ಚನ್ನಪಟ್ಟಣ ತಾಲೂಕಿನ ಅಕ್ಕೂರಿನ ಸುತ್ತಮುತ್ತ, ರಾಮನಗರ, ಕನಕಪುರ, ಮಾಗಡಿಗಳ ಹಳ್ಳಿಗಳಲ್ಲಿ ರೇಷ್ಮೆ ಹುಳು ಸಾಕುವ ಕುಟುಂಬಗಳಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಮೊಟ್ಟೆಯಿಂದ ಹೊರಬಂದ ಹುಳು ಗೂಡು ಕಟ್ಟುವುದರೊಳಗೆ ನಾಲ್ಕು ಸಾರಿ ಚರ್ಮ ಕಳಚುತ್ತದೆ. ಇದಕ್ಕೆ ರೈತರು ಇಟ್ಟಿರುವ ಹೆಸರು ‘ಜ್ವರ’. ಜ್ವರಕ್ಕೆ ಕೂತ ಹುಳು ಸೊಪ್ಪು ತಿನ್ನುವುದಿಲ್ಲ. ತಲೆಯೆತ್ತಿ ಅಲ್ಲಾಡದೆ ಇರುತ್ತದೆ. ತಿಳಿಯದವರು ನೋಡಿದರೆ ಹುಳು ಸಾಯುತ್ತಿದೆ ಎಂದೇ ಭಾವಿಸಿಯಾರು. ತಿಳಿದ ರೈತ ಮಾತ್ರ ಸೊಪ್ಪು ಹಾಕುವುದನ್ನು ನಿಲ್ಲಿಸಿ, ಸುಣ್ಣದ ಪುಡಿ ಉದುರಿಸಿ, ಗಾಳಿ ಬೆಳಕನ್ನು ನೋಡಿಕೊಂಡು ಕಾಯುತ್ತಾನೆ. ಆಗ ಕೈಹಾಕಿ ಕದಲಿಸಿದರೆ ಹುಳುವಿಗೆ ಕೇಡು. ಜ್ವರ ಎದ್ದ ಹುಳು ಹೊಸ ಚರ್ಮ ತೊಟ್ಟು, ಮೊದಲಿಗಿಂತ ಹೆಚ್ಚು ಹಸಿದು, ಮೊದಲಿಗಿಂತ ಬೇಗ ಬೆಳೆಯುತ್ತದೆ.

ಆದರೆ ಹುಳು ತಿನ್ನುವುದನ್ನು ಬಿಡುವುದಕ್ಕೆ ಬೇರೆ ಕಾರಣಗಳೂ ಇವೆ. ಒದ್ದೆ ಸೊಪ್ಪು ಹಾಕಿ, ಒತ್ತಾಗಿ ಸಾಕಿ, ಸೆಕೆಯನ್ನು ಗಮನಿಸದೆ ಬಿಟ್ಟರೆ ಸಪ್ಪೆ ರೋಗ ಬರುತ್ತದೆ; ಅದು ಸಾಕುವವನ ಅಜಾಗರೂಕತೆಯ ಫಲ. ಗಂಟು ರೋಗ ಹಾಗಲ್ಲ. ಅದು ತಾಯಿ ಚಿಟ್ಟೆಯಿಂದ ಮೊಟ್ಟೆಯ ಮೂಲಕವೇ ಬಂದಿರಬಹುದು. ಫ್ರಾನ್ಸ್ ದೇಶದ ರೇಷ್ಮೆ ಉದ್ಯಮವನ್ನು ಹಾಳುಮಾಡುತ್ತಿದ್ದ ಈ ರೋಗವನ್ನು 1865ರಿಂದ ಕೆಲವು ವರ್ಷ ಅಧ್ಯಯನಮಾಡಿದ ಲೂಯಿ ಪಾಶ್ಚರ್, ತಾಯಿ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ರೋಗವಿಲ್ಲದ ಮೊಟ್ಟೆಗಳನ್ನು ಆರಿಸುವ ದಾರಿಯನ್ನು ತೋರಿಸಿಕೊಟ್ಟರು. ಇನ್ನು ಪಕ್ಕದ ಹೊಲದವರು ಹೊಡೆದ ಕೀಟನಾಶಕ ಗಾಳಿಗೆ ಬಂದು ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೂ ಹುಳು ಸಾಯುತ್ತದೆ. ಅಲ್ಲಿ ಸಾಕಿದವನ ತಪ್ಪೂ ಇಲ್ಲ, ಮೊಟ್ಟೆಯ ದೋಷವೂ ಇಲ್ಲ. ನೆರೆಯವನ ಕೆಲಸ ಇವನ ಮನೆಯನ್ನು ಮುಳುಗಿಸಿತು.

ನಾಲ್ಕು ಕಾರಣಗಳು, ಹೊರಗೆ ಕಾಣುವ ಲಕ್ಷಣ ಒಂದೇ, ಹುಳು ತಿನ್ನುತ್ತಿಲ್ಲ. ಇದನ್ನು ಬೇರ್ಪಡಿಸಿ ನೋಡಲಾರದವನು ಜ್ವರಕ್ಕೆ ಕೂತ ಒಳ್ಳೆಯ ಹುಳುವನ್ನು ತಿಪ್ಪೆಗೆ ಎಸೆದಾನು. ಹೋಲಿಕೆಗೆ ಮಿತಿಯಿದೆ: ಹುಳುವಿಗೆ ಆಯ್ಕೆಯ ಸ್ವಾತಂತ್ರ್ಯವಿಲ್ಲ, ಮನುಷ್ಯನಿಗೆ ಇದೆ. ಆದರೂ ಹುಳುವಿನ ವಿಷಯದಲ್ಲಿ ನಾವು ತೋರಿಸುವಷ್ಟು ವಿವೇಚನೆಯನ್ನು ನೆರೆಮನೆಯ ಮನುಷ್ಯನ ವಿಷಯದಲ್ಲಿ ತೋರಿಸುತ್ತೇವೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಹಿಬ್ರಿಯರಿಗೆ ಬರೆದ ಪತ್ರದ ಹನ್ನೆರಡನೆಯ ಅಧ್ಯಾಯದಲ್ಲಿ, ದೇವರು ಪ್ರೀತಿಸುವವರನ್ನೇ ಶಿಸ್ತಿಗೆ ಒಳಪಡಿಸುತ್ತಾರೆ ಎಂಬ ಮಾತು ಬರುತ್ತದೆ. ಈ ಭಾಗವನ್ನು ಓದಿ ಅಂಜಿದವರು ಎಷ್ಟೋ ಮಂದಿ. ಆದರೆ ಅಲ್ಲಿ ಬಳಸಿರುವ ಗ್ರೀಕ್ ಪದ ‘ಪೈದೆಯಾ’. ಮಗು ಎಂಬ ಅರ್ಥದ ಶಬ್ದದಿಂದ ಹುಟ್ಟಿದ ಅದರ ಮೂಲಾರ್ಥ ಮಗುವನ್ನು ಸಾಕಿ, ತಿದ್ದಿ, ಬೆಳೆಸುವುದು. ಅದರಲ್ಲಿ ತಿದ್ದುವ ನೋವು ಇದೆ ನಿಜ. ಆದರೆ ಗುರಿ ಬೆಳವಣಿಗೆ. ನಮ್ಮ ‘ಶಿಕ್ಷೆ’ ಎಂಬ ಪದದ ಕಥೆಯೂ ಇಂಥದ್ದೇ. ಸಂಸ್ಕೃತದಲ್ಲಿ ಅದು ಕಲಿಕೆಯನ್ನು ಸೂಚಿಸುವ ಶಬ್ದ. ಕನ್ನಡಕ್ಕೆ ಬಂದು ದಂಡನೆಯಾಯಿತು. ಕಲಿಕೆಯ ಅರ್ಥ ‘ಶಿಕ್ಷಣ’ದಲ್ಲಿ ಮಾತ್ರ ಉಳಿಯಿತು. ನಮ್ಮ ಭಕ್ತಿಜೀವನದಲ್ಲಿಯೂ ಇದೇ ಪಲ್ಲಟ ನಡೆದಿದೆ. ತಂದೆಯ ಸಾಕಣೆಯನ್ನು ನಾವು ನ್ಯಾಯಾಧೀಶನ ತೀರ್ಪಾಗಿ ಓದಿಕೊಂಡಿದ್ದೇವೆ.

ಚೋಮನ ಕಥೆ

ಈ ತಪ್ಪು ಓದಿನ ಬೆಲೆ ಎಷ್ಟೆಂಬುದನ್ನು ನಮ್ಮ ಸೀಮೆಯಿಂದ ದೂರದ ಕರಾವಳಿಯ ಒಂದು ಕಥೆ ತೋರಿಸಿಕೊಡುತ್ತದೆ. ಡಾ. ಕೆ. ಶಿವರಾಮ ಕಾರಂತರ ‘ಚೋಮನ ದುಡಿ’ ಪ್ರಕಟವಾದದ್ದು 1933ರಲ್ಲಿ. 1975ರಲ್ಲಿ ಬಿ. ವಿ. ಕಾರಂತರು ಇದನ್ನು ಚಲನಚಿತ್ರವಾಗಿಸಿದರು. ಆ ವರ್ಷದ ಅತ್ಯುತ್ತಮ ಚಿತ್ರಕ್ಕೆ ಸಲ್ಲುವ ರಾಷ್ಟ್ರಪ್ರಶಸ್ತಿ ಅದಕ್ಕೆ ದೊರೆಯಿತು. ಚೋಮನ ಪಾತ್ರವಹಿಸಿದ ಎಂ. ವಿ. ವಾಸುದೇವರಾವ್ ಅತ್ಯುತ್ತಮ ನಟರೆನಿಸಿದರು. ತಾವು ಪುಸ್ತಕವನ್ನು ಓದಿರಬಹುದು, ಇಲ್ಲವೆ ಚಿತ್ರವನ್ನು ನೋಡಿರಬಹುದು. ಆದರೂ ಕಥೆಯನ್ನು ಸಂಕ್ಷಿಪ್ತವಾಗಿ ನೆನಪಿಸಿಕೊಳ್ಳೋಣ.

ಚೋಮನು ಊರು ಅಸ್ಪೃಶ್ಯನೆಂದು ದೂರವಿಟ್ಟ ಜೀತದಾಳು. ಅವನಿಗೆ ಇರುವುದು ಒಂದೇ ಆಸೆ: ತುಂಡು ಭೂಮಿಯನ್ನು ತಾನೇ ಬೇಸಾಯಮಾಡಬೇಕು. ಅದಕ್ಕೆಂದೇ ಒಂದು ಜೊತೆ ಎತ್ತುಗಳನ್ನು ಸಾಕಿಕೊಂಡಿದ್ದಾನೆ. ಅವುಗಳನ್ನು ಮಾರಲು ಒಪ್ಪುವುದಿಲ್ಲ. ಆದರೆ ಅವನ ಜಾತಿಯವನು ಉಳುವ ಒಕ್ಕಲಾಗುವುದನ್ನು ಊರಿನ ಕಟ್ಟುಕಟ್ಟಳೆ ಒಪ್ಪದು. ಜೊತೆಗೆ ಕಾಫಿ ತೋಟದವರ ಸಾಲ. ಕೆಲವೇ ರೂಪಾಯಿಗಳ ಆ ಸಾಲ ವರ್ಷಗಳು ಕಳೆದಂತೆ ತೀರಿಸಲಾರದಷ್ಟು ಬೆಳೆಯುತ್ತದೆ. ಅದನ್ನು ತೀರಿಸಲು ಹಿರಿಯ ಮಕ್ಕಳಾದ ಚನಿಯ ಮತ್ತು ಗುರುವ ಘಟ್ಟದ ತೋಟಕ್ಕೆ ದುಡಿಯಲು ಹೋಗುತ್ತಾರೆ. ಚನಿಯ ರೋಗ ಹತ್ತಿ ಸಾಯುತ್ತಾನೆ. ಗುರುವ ಒಬ್ಬ ಕ್ರೈಸ್ತ ಹುಡುಗಿಯನ್ನು ಮೆಚ್ಚಿ ಅವಳ ಮತವನ್ನು ಸೇರುತ್ತಾನೆ. ಮಗಳು ಬೆಳ್ಳಿಯೂ ತೋಟಕ್ಕೆ ಹೋಗಬೇಕಾಗುತ್ತದೆ. ಅಲ್ಲಿ ಅವಳ ಮಾನದ ಬೆಲೆಗೆ ತಂದೆಯ ಸಾಲ ವಜಾ ಆಗುತ್ತದೆ. ಚಿಕ್ಕ ಮಗನೊಬ್ಬ ಹೊಳೆಯಲ್ಲಿ ಮುಳುಗುವಾಗ ದಡದಲ್ಲಿ ಜನರಿದ್ದರೂ, ಮುಟ್ಟಿದರೆ ಮೈಲಿಗೆಯೆಂಬ ಕಾರಣಕ್ಕೆ ಅವನು ಬದುಕುಳಿಯುವುದಿಲ್ಲ. ಕಡೆಗೆ, ಭೂಮಿ ಸಿಗುವುದಾದರೆ ತಾನೂ ಕ್ರೈಸ್ತನಾಗುತ್ತೇನೆಂದು ಚೋಮನು ಇಗರ್ಜಿಯ ಕಡೆಗೆ ಹೊರಡುತ್ತಾನೆ. ತಾನು ನಂಬಿಬಂದ ಪಂಜುರ್ಲಿ ದೈವದ ನೆನಪು ಅವನನ್ನು ದಾರಿಯಲ್ಲಿಯೇ ತಡೆದು ಹಿಂದಿರುಗಿಸುತ್ತದೆ. ಮನೆಗೆ ಬಂದರೆ ಬೆಳ್ಳಿಯನ್ನು ತೋಟದ ಮನ್ವೇಲನ ಜೊತೆಯಲ್ಲಿ ಕಾಣುತ್ತಾನೆ. ಮಗಳನ್ನು ಹೊರಗಟ್ಟಿ, ಎತ್ತುಗಳನ್ನು ಕಾಡಿಗೆ ಅಟ್ಟಿ, ಗುಡಿಸಲಿನ ಬಾಗಿಲು ಮುಚ್ಚಿಕೊಂಡು, ಸಾಯುವವರೆಗೆ ದುಡಿ ಬಾರಿಸುತ್ತಾನೆ.

ಹೆಂಡ ಒಂದೇ ಅಲ್ಲ

ಇಷ್ಟು ಹೇಳಿದಾಗ ಒಂದು ಮಾತನ್ನು ಬಿಟ್ಟಂತಾಯಿತು. ಚೋಮನು ಹೆಂಡ ಕುಡಿಯುತ್ತಾನೆ. ಕೈಗೆ ಬಂದ ಕಾಸು ಗಡಂಗಿಗೆ ಹೋಗುತ್ತದೆ. ಕಾರಂತರು ಇದನ್ನು ಮುಚ್ಚಿಡುವುದಿಲ್ಲ. ಬಡವನಾದ್ದರಿಂದ ಅವನು ನಿರ್ದೋಷಿ ಎಂಬ ಭಾವುಕತೆಗೆ ಕಾದಂಬರಿ ಎಡೆಕೊಡುವುದಿಲ್ಲ. ಹಾಗಾಗಿ “ಅವನ ಗತಿಗೆ ಅವನೇ ಕಾರಣ, ಕುಡಿಯದೆ ಇದ್ದಿದ್ದರೆ ಸಾಲ ತೀರುತ್ತಿತ್ತು” ಎಂದು ಓದುಗನು ಹೇಳುವ ಅವಕಾಶ ಇದ್ದೇ ಇದೆ.

ಕಾದಂಬರಿಯ ದೊಡ್ಡತನ ಇರುವುದು ಇಲ್ಲಿಯೇ. ಹೆಂಡವನ್ನು ನಮ್ಮ ಕಣ್ಣಿಗೆ ಕಾಣಿಸುತ್ತದೆ. ಆದರೆ ಹೆಂಡವೇ ಎಲ್ಲಕ್ಕೂ ಉತ್ತರವಾಗಲು ಬಿಡುವುದಿಲ್ಲ. ಚೋಮನು ಕುಡಿಯದೆ ಇದ್ದಿದ್ದರೆ ಊರು ಅವನಿಗೆ ಹೊಲ ಕೊಡುತ್ತಿತ್ತೇ? ಕುಡಿಯದವನ ಮಗುವನ್ನು ಹೊಳೆಯಿಂದ ಎತ್ತುತ್ತಿದ್ದರೇ? ಕಾರಂತರು ಈ ಪ್ರಶ್ನೆಗಳನ್ನು ಬಾಯಿಬಿಟ್ಟು ಕೇಳುವುದಿಲ್ಲ. ಘಟನೆಗಳನ್ನು ಒಂದರ ಪಕ್ಕದಲ್ಲಿ ಒಂದನ್ನು ಇಟ್ಟು ಸುಮ್ಮನಾಗುತ್ತಾರೆ. ಓದುಗನು ತಾನಾಗಿಯೇ ಕೇಳಿಕೊಳ್ಳಬೇಕಾಗುತ್ತದೆ.

ಈ ಓದಿನಿಂದ ನಮಗೆ ಬಹಳ ಪರಿಚಿತವಾದ ಒಂದು ಸಾಮತಿಯೂ ಹೊಸದಾಗಿ ಕಾಣತೊಡಗುತ್ತದೆ. ಲೂಕನ ಶುಭಸಂದೇಶದ ಹದಿನೈದನೆಯ ಅಧ್ಯಾಯದ ದುಂದುಗಾರ ಮಗನನ್ನು ನೆನಪಿಸಿಕೊಳ್ಳಿ. ತನ್ನ ಪಾಲಿನ ಆಸ್ತಿಯನ್ನು ಕೇಳಿ ಪಡೆದು, ದೂರ ದೇಶಕ್ಕೆ ಹೋಗಿ, ಎಲ್ಲವನ್ನೂ ಹಾಳುಮಾಡಿಕೊಂಡ ಯುವಕ ಅವನು. ತಾನಾಗಿ ತಂದುಕೊಂಡ ನೋವಿಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇರೆ ಬೇಕೇ ಎಂದು ಉಪದೇಶಗಳಲ್ಲಿ ಕೇಳುತ್ತಾ ಬಂದಿದ್ದೇವೆ. ಆದರೆ ಯೇಸುಸ್ವಾಮಿ ಕಥೆ ಹೇಳಿದ ಕ್ರಮವನ್ನು ಗಮನಿಸಿ. ಅವನ ಹಣ ಮುಗಿದ ಮೇಲೆ ಆ ದೇಶಕ್ಕೆ ಘೋರ ಬರಗಾಲ ಬಂದಿತು. ಬರವನ್ನು ಅವನು ತಂದಿರಲಿಲ್ಲ. ಆಮೇಲೆ ಹಂದಿ ಕಾಯುವ ಕೂಲಿಗೆ ನಿಂತು, ಹಂದಿಯ ಮೇವಿಗೂ ಆಸೆಪಡುವಂತಾದಾಗ, ಅವನಿಗೆ ಏನನ್ನಾದರೂ ಕೊಡುವವರು ಒಬ್ಬರೂ ಇರಲಿಲ್ಲ. ಅದೂ ಅವನ ತಪ್ಪಲ್ಲ. ಅದು ಆ ದೇಶದ ಜನರ ತಪ್ಪು.

ಹೀಗೆ ಅವನ ಸಂಕಟಕ್ಕೆ ಕಾರಣಗಳು ಮೂರು: ಅವನ ದುಂದುಗಾರಿಕೆ, ನಾಡಿನ ಬರಗಾಲ, ನೆರೆಯವರ ಬಿಗಿದ ಮುಷ್ಟಿ. ನಾವು ಮೊದಲನೆಯದನ್ನು ಮಾತ್ರ ನೆನಪಿಟ್ಟುಕೊಂಡಿದ್ದೇವೆ. ಚೋಮನ ಕಥೆಯ ಕಾರಣಗಳೂ ಮೂರೇ: ಹೆಂಡ, ಸಾಲದ ಮತ್ತು ಜಾತಿಯ ಬರಗಾಲ, ಕೊಡದ ಕೈಗಳು. ಎರಡು ಕಥೆಗಳಿಗೂ ಇರುವ ಭೇದ ಒಂದೇ. ಸಾಮತಿಯ ಮಗನಿಗೆ ನೆನಪಿಸಿಕೊಳ್ಳಲು ಒಂದು ಮನೆಯಿತ್ತು, ದಾರಿ ನೋಡುತ್ತಿದ್ದ ತಂದೆಯಿದ್ದ. ಚೋಮನಿಗೆ ಆ ದಾರಿಯನ್ನು ತೋರಿಸಿದವರು ಯಾರೂ ಇಲ್ಲ.

ತಂದೆ ಏನು ಮಾಡಿದನೆಂಬುದನ್ನೂ ನೋಡಬೇಕು. ಮಗನು ಪಟ್ಟ ನೋವಿಗೆ ಅವನು ಒಂದು ಪೆಟ್ಟನ್ನೂ ಸೇರಿಸಲಿಲ್ಲ. ಹಸಿವು ಅವನು ಕಳುಹಿಸಿದ ಶಿಕ್ಷೆಯಾಗಿರಲಿಲ್ಲ. ಕರ್ಮದ ಫಲವೇ ಸಾಕಷ್ಟು ಕಹಿಯಾಗಿತ್ತು. ತಂದೆಯ ಶಿಸ್ತು ಆರಂಭವಾದದ್ದು ಮನೆಯ ಬಾಗಿಲಲ್ಲಿ, ಕೂಲಿಯಾಳಾಗುತ್ತೇನೆ ಎಂದವನನ್ನು ಮಗನೇ ಎಂದು ಕರೆದಾಗ. ಕೂಲಿಯವನಾಗಿ ಉಳಿಯುವುದು ಸುಲಭ. ಮಗನಾಗಿ ಬಾಳುವುದನ್ನು ಕಲಿಯಬೇಕು. ದೇವರ ಶಿಸ್ತು ಎಂದರೆ ಈ ಕಲಿಕೆ. ಇನ್ನು ಆ ಹುಡುಗನ ಪಾಪಗಳ ಪಟ್ಟಿಯನ್ನು ಬಾಯಿಬಿಟ್ಟು ಓದಿದವನು ತಂದೆಯಲ್ಲ, ಹೊಲದಿಂದ ಬಂದ ಹಿರಿಯ ಮಗ. “ತಾನೇ ತಂದುಕೊಂಡದ್ದು” ಎಂಬ ಮಾತು ನಮ್ಮ ನಾಲಗೆಗೆ ಬಂದಾಗಲೆಲ್ಲಾ ನಾವು ನಿಂತಿರುವುದು ಆ ಅಣ್ಣನ ಪಕ್ಕದಲ್ಲಿ.

ಕಾದಂಬರಿಯಲ್ಲಿ ನಮ್ಮವರು

ಕ್ರೈಸ್ತರಾದ ನಾವು ‘ಚೋಮನ ದುಡಿ’ಯನ್ನು ಓದುವಾಗ ಇನ್ನೊಂದು ಮುಜುಗರವನ್ನು ಎದುರಿಸಬೇಕು. ಈ ಕಥೆಯಲ್ಲಿ ನಮ್ಮವರೂ ಇದ್ದಾರೆ. ಮತಕ್ಕೆ ಸೇರಿದರೆ ಭೂಮಿ ಎಂಬ ಆಸೆ ಅವರ ಕಡೆಯಿಂದ ಬರುತ್ತದೆ. ತೋಟದ ಮನ್ವೇಲ ಹೆಸರಿನಿಂದ ಕ್ರೈಸ್ತ. ಆಸರೆಯಾಗಬೇಕಾಗಿದ್ದವನು ಬೆಳ್ಳಿಯ ಅಸಹಾಯಕತೆಯನ್ನು ಬಳಸಿಕೊಳ್ಳುತ್ತಾನೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಇದು ಅನ್ಯಾಯದ ಚಿತ್ರಣವೆಂದು ಸಿಟ್ಟಾಗುವುದು ಸುಲಭ. ಇತಿಹಾಸದ ಇನ್ನೊಂದು ಮುಖವೂ ಇದೆಯೆಂಬುದು ನಿಜ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್‌ನವರು, ವಿಶ್ವಾಸವನ್ನು ಸ್ವೀಕರಿಸಿದ ಕಾರಣಕ್ಕೆ ಮನೆ, ಕೆಲಸ ಕಳೆದುಕೊಂಡವರಿಗಾಗಿ ನೇಯ್ಗೆಯ ಕೆಲಸವನ್ನು ಒದಗಿಸಿದರು. 1865ರಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ಅದು ಆಮಿಷವಲ್ಲ, ಆಸರೆ. ಆದರೆ ಆಸರೆ ಮತ್ತು ಆಮಿಷಗಳ ನಡುವಣ ಗೆರೆ ತೆಳುವಾದದ್ದು. ಹಸಿದವನಿಗೆ ಅನ್ನ ಕೊಟ್ಟು ದೇವರನ್ನು ಸ್ತುತಿಸುವುದು ಒಂದು. ದೇವರನ್ನು ಒಪ್ಪಿಕೊಂಡರೆ ಅನ್ನ ಎನ್ನುವುದು ಇನ್ನೊಂದು. ಎರಡನೆಯದು ಮನುಷ್ಯನ ಸಂಕಟವನ್ನು ಬಂಡವಾಳ ಮಾಡಿಕೊಳ್ಳುತ್ತದೆ.

ಈ ದೃಷ್ಟಿಯಿಂದ ನೋಡಿದರೆ ಚೋಮನು ದಾರಿಯಿಂದ ಹಿಂದಿರುಗಿದ್ದು ಧರ್ಮಸಭೆಗೆ ಆದ ನಷ್ಟವೆಂದು ನಾವು ಕೊರಗಬೇಕಾಗಿಲ್ಲ. ಹೊಲಕ್ಕಾಗಿ ದೈವವನ್ನು ಮಾರಲಾರೆ ಎನ್ನುವ ಅವನ ಮನಸ್ಸಿನಲ್ಲಿ ಒಂದು ಪ್ರಾಮಾಣಿಕತೆ ಇದೆ. ವಿಶ್ವಾಸವು ಕೊಡುಕೊಳ್ಳುವ ಸರಕಲ್ಲ ಎಂಬುದನ್ನು, ತನಗೇ ತಿಳಿಯದಂತೆ, ಅವನು ನಮಗೆ ಹೇಳುತ್ತಾನೆ. ಅವನ ದುರಂತ ಹಿಂದಿರುಗಿದ್ದರಲ್ಲಿ ಇಲ್ಲ. ಹಿಂದಿರುಗಿ ಬರಲು ಅವನಿಗೆ ಉಳಿದಿದ್ದ ಮನೆಯೂ ಒಡೆದುಹೋಗಿದ್ದರಲ್ಲಿ ಇದೆ.

ಇಷ್ಟನ್ನು ಒಪ್ಪಿಕೊಂಡ ಮೇಲೆ ಕಾದಂಬರಿಯ ಒಂದು ಮಿತಿಯನ್ನು ಹೇಳಲು ನಮಗೆ ಹಕ್ಕು ಬರುತ್ತದೆ. ಗುರುವನ ಒಳಗಿನ ಕಥೆಯನ್ನು ಕಾರಂತರು ನಮಗೆ ಹೆಚ್ಚು ಹೇಳುವುದಿಲ್ಲ. ಅವನು ಹೋದದ್ದು ಒಂದು ಹುಡುಗಿಗಾಗಿ ಎಂಬುದು ಸರಿ. ಆದರೆ ಮೊದಲ ಸಲ ಸಮಾನನಾಗಿ ಒಂದು ಪಂಕ್ತಿಯಲ್ಲಿ ಕೂತಾಗ ಅವನಿಗೆ ಏನನ್ನಿಸಿತು? ಅವನ ಹೊಸ ಪ್ರಾರ್ಥನೆ ಎಂತಹುದು? ಕಾದಂಬರಿ ಅವನನ್ನು ತಂದೆಯ ಕಣ್ಣಿನಿಂದ ಮಾತ್ರ, ಕಳೆದುಹೋದ ಮಗನಾಗಿ ನೋಡುತ್ತದೆ. ಅಂತಹವರ ಕಥೆಯನ್ನು ಬರೆಯುವ ಹೊಣೆ ಕನ್ನಡದ ಕ್ರೈಸ್ತ ಲೇಖಕರ ಮೇಲೆ ಇದೆ.

ಮುಚ್ಚಿದ ಬಾಗಿಲು

ಕಾದಂಬರಿಯ ಕೊನೆಯನ್ನು ಓದಿದ ಯಾರೂ ಮರೆಯಲಾರರು. ಚೋಮನ ನೋವಿಗೆ ಉಳಿದಿರುವ ಏಕೈಕ ಭಾಷೆ ಆ ದುಡಿ. ಇಲ್ಲಿಯವರೆಗೆ ಬೇರೆಯವರು ಅವನಿಗೆ ಮುಚ್ಚಿದ್ದ ಬಾಗಿಲನ್ನು ಈಗ ಅವನು ತಾನೇ ಮುಚ್ಚಿಕೊಳ್ಳುತ್ತಾನೆ. ಮಗಳಿಗೂ ಬಾಗಿಲು ಮುಚ್ಚಿದ. ಅವಳು ಕಳೆದುಕೊಂಡದ್ದು ಅವನ ಸಾಲಕ್ಕಾಗಿ ಎಂಬುದನ್ನು ಅವನ ಸಿಟ್ಟು ನೋಡಗೊಡುವುದಿಲ್ಲ. ತನ್ನನ್ನು ಊರು ನೋಡಿದ ಕಣ್ಣಿನಿಂದಲೇ ಅವನು ಬೆಳ್ಳಿಯನ್ನು ನೋಡಿದ. ತಾನೇ ತಂದುಕೊಂಡ ನೋವು ಯಾವುದಾದರೂ ಈ ಕಥೆಯಲ್ಲಿ ಇದ್ದರೆ ಅದು ಹೆಂಡಕ್ಕಿಂತ ಹೆಚ್ಚಾಗಿ ಇದು ಎಂದು ನನಗೆ ತೋರುತ್ತದೆ.

ಪವಿತ್ರ ವಾರದಲ್ಲಿ ನಾವು ಇಬ್ಬರು ಶಿಷ್ಯರ ಕಥೆಯನ್ನು ಕೇಳುತ್ತೇವೆ. ಪೇತ್ರನೂ ಯೂದನೂ ತಮ್ಮ ಕೈಯಾರೆ ಕೇಡನ್ನು ತಂದುಕೊಂಡವರೇ. ಇಬ್ಬರೂ ಪಶ್ಚಾತ್ತಾಪಪಟ್ಟರು. ಯೂದನು ಬೆಳ್ಳಿಯ ನಾಣ್ಯಗಳನ್ನು ಹಿಡಿದುಕೊಂಡು, ತಾನು ಪಾಪಮಾಡಿದೆನೆಂದು ಹೇಳಲು ಧರ್ಮದ ಮುಖಂಡರ ಬಳಿಗೇ ಹೋದ. ಅದರಿಂದ ತಮಗೇನಾಗಬೇಕು, ಅದು ನಿನಗೆ ಸೇರಿದ್ದು ಎಂಬ ಅರ್ಥದ ಉತ್ತರ ಅವನಿಗೆ ಸಿಕ್ಕಿತು. ಮತ್ತಾಯನ ಶುಭಸಂದೇಶದಲ್ಲಿ ಈ ಮಾತನ್ನು ಓದುವಾಗಲೆಲ್ಲಾ ಎದೆ ನಡುಗಬೇಕು. “ತಾನೇ ತಂದುಕೊಂಡದ್ದು” ಎಂಬ ತೀರ್ಪನ್ನು ಪಾಪನಿವೇದನೆಗೆ ಬಂದವನ ಮುಖಕ್ಕೆ ಎಸೆದವರು ದೇವಾಲಯದವರು. ಪೇತ್ರನಾದರೋ ಅತ್ತುಕೊಂಡು ಹೋಗಿ ಗೆಳೆಯರ ನಡುವೆಯೇ ಉಳಿದ. ಅವನು ಮಾಡಿದ್ದು ಗೊತ್ತಿದ್ದೂ ಅವರು ಅವನನ್ನು ಹೊರಗೆ ಹಾಕಲಿಲ್ಲ. ಪುನರುತ್ಥಾನರಾದ ಪ್ರಭು ಅವನನ್ನು ಕಂಡದ್ದು ಆ ಗೆಳೆಯರ ಜೊತೆಯಲ್ಲಿ.

ಕಠಿಣ ವಾಕ್ಯಗಳು

ಹಾಗಾದರೆ ಶ್ರೀಗ್ರಂಥದಲ್ಲಿ ದಂಡನೆಯ ಮಾತೇ ಇಲ್ಲವೇ ಎಂದು ತಾವು ಕೇಳಬಹುದು. ಇದೆ, ಅದನ್ನು ಮರೆಮಾಚಬಾರದು. ಪ್ರವಾದಿ ನಾತಾನನು ದಾವೀದ ಅರಸನ ಎದುರಿಗೆ ನಿಂತು ಆಡಿದ ಮಾತುಗಳು ಕಠಿಣವಾದವು. ಆದರೆ ಎರಡು ಸಂಗತಿಗಳನ್ನು ಗಮನಿಸಬೇಕು. ನಾತಾನನು ಹೋದದ್ದು ಬಲಿಷ್ಠನ ಬಳಿಗೆ, ದುರ್ಬಲನ ಬಳಿಗಲ್ಲ. ಮತ್ತು ಅವನು ಅರಸನ ಮುಖಕ್ಕೆ ಹೇಳಿದ. ಬೆನ್ನ ಹಿಂದೆ ಊರಿಗೆ ಹೇಳಲಿಲ್ಲ. ಯೋಬನ ಗೆಳೆಯರು ಇದಕ್ಕೆ ವಿರುದ್ಧ. ಬೂದಿಯಲ್ಲಿ ಕೂತಿದ್ದ ನಿರ್ಗತಿಕನಿಗೆ ಅವನ ಪಾಪಗಳನ್ನು ಊಹಿಸಿ ಹೇಳಿದರು; ಗ್ರಂಥದ ಕೊನೆಯಲ್ಲಿ ದೇವರ ಕೋಪಕ್ಕೆ ಗುರಿಯಾದವರು ಅವರೇ. ಸಿಲೋವದ ಗೋಪುರ ಬಿದ್ದು ಹದಿನೆಂಟು ಮಂದಿ ಸತ್ತಾಗ, ಅವರು ಇತರರಿಗಿಂತ ದೊಡ್ಡ ಪಾಪಿಗಳೆಂಬ ಎಣಿಕೆಯನ್ನು ಯೇಸುಸ್ವಾಮಿ ತಳ್ಳಿಹಾಕಿ, ಪಶ್ಚಾತ್ತಾಪದ ಕರೆಯನ್ನು ಕೇಳುಗರ ಕಡೆಗೇ ತಿರುಗಿಸಿದರು. ಹುಟ್ಟುಕುರುಡನ ವಿಷಯದಲ್ಲಿ, ಅವನೂ ಕಾರಣನಲ್ಲ, ಅವನ ತಂದೆತಾಯಿಗಳೂ ಕಾರಣರಲ್ಲ ಎಂದರು.

ಧರ್ಮಸಭೆಯೂ ಈ ಪಾಠವನ್ನು ಕಲಿಯುತ್ತಲೇ ಬಂದಿದೆ. 1984ರ ಫೆಬ್ರವರಿ 11ರಂದು ಪೋಪ್ ಎರಡನೆಯ ಜಾನ್ ಪಾಲರು ಮಾನವ ಸಂಕಟದ ಕುರಿತು ಹೊರಡಿಸಿದ ಪ್ರೇಷಿತ ಪತ್ರದಲ್ಲಿ, ಎಲ್ಲ ನೋವೂ ತಪ್ಪಿಗೆ ಸಿಕ್ಕ ದಂಡನೆ ಎಂಬ ನಂಬಿಕೆಯನ್ನು ಯೋಬನ ಉದಾಹರಣೆಯಿಂದಲೇ ನಿರಾಕರಿಸಿದರು. ಇನ್ನೊಂದು ಬದಲಾವಣೆ ನಮ್ಮ ಕುಟುಂಬಗಳಿಗೆ ಹತ್ತಿರವಾದದ್ದು. 1917ರ ಧರ್ಮಸಭಾ ಕಾನೂನು, ಬುದ್ಧಿಪೂರ್ವಕವಾಗಿ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡವರಿಗೆ ಧರ್ಮಸಭೆಯ ಅಂತ್ಯಸಂಸ್ಕಾರವನ್ನು ನಿರಾಕರಿಸುತ್ತಿತ್ತು. 1983ರ ಕಾನೂನಿನಲ್ಲಿ ಆ ನಿಷೇಧ ಉಳಿಯಲಿಲ್ಲ. ಮನೋವ್ಯಥೆ, ಭಯ, ಯಾತನೆಗಳು ಮನುಷ್ಯನ ಹೊಣೆಗಾರಿಕೆಯನ್ನು ತಗ್ಗಿಸಬಲ್ಲವು ಎಂದೂ, ಅಂತಹವರ ರಕ್ಷಣೆಯ ಬಗ್ಗೆ ನಿರಾಶರಾಗಬಾರದೆಂದೂ, ಅವರಿಗಾಗಿ ಧರ್ಮಸಭೆ ಪ್ರಾರ್ಥಿಸುತ್ತದೆಂದೂ 1992ರ ಧರ್ಮೋಪದೇಶ ಗ್ರಂಥ ಬೋಧಿಸುತ್ತದೆ. ಕಾನೂನು ಬಿಟ್ಟ ಕಲ್ಲನ್ನು ನಮ್ಮ ಪಿಸುಮಾತು ಇನ್ನೂ ಕೈಯಲ್ಲಿ ಹಿಡಿದುಕೊಂಡಿದ್ದರೆ, ತಿದ್ದಿಕೊಳ್ಳಬೇಕಾದವರು ನಾವು.

ಯಾರು ಹೇಳಬಹುದಾದ ಮಾತು?

ಹಾಗೆಂದು ಮನುಷ್ಯನ ಹೊಣೆಯನ್ನೇ ಅಳಿಸಿಹಾಕುವುದು ಕರುಣೆಯಲ್ಲ. ಕುಡಿತವು ಸಂಸಾರವನ್ನು ಸುಡುತ್ತದೆ; ಕುಡಿಯುವವನ ಹೆಂಡತಿ ಮಕ್ಕಳು ಪಡುವ ಪಾಡು ಅವರು ಮಾಡಿಕೊಂಡದ್ದಲ್ಲ. ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಕುಡಿತ ನಿಲ್ಲಲಿಲ್ಲ, ಬೇರೆ ಮದ್ಯದ ಅಂಗಡಿಗಳು ಉಳಿದುಕೊಂಡವು. ಕುಡಿಯುವವನ ಹಿಂದೆ ಮಾರುವವನೂ ಇದ್ದಾನೆ, ಆ ಆದಾಯವನ್ನು ಲೆಕ್ಕಹಾಕುವ ಸರ್ಕಾರವೂ ಇದೆ. ಆದರೂ ಲೋಟವನ್ನು ಎತ್ತುವ ಕೈ ಅವನದೇ. ಅವನು ಅದನ್ನು ಒಪ್ಪಿಕೊಳ್ಳದೆ ಬಿಡುಗಡೆಯಿಲ್ಲ.

ಪ್ರಶ್ನೆ ಏನೆಂದರೆ, “ಇದನ್ನು ನಾನೇ ತಂದುಕೊಂಡೆ” ಎಂಬ ಮಾತನ್ನು ಯಾರು ಆಡಬೇಕು? 1935ರಲ್ಲಿ ಅಮೆರಿಕದಲ್ಲಿ ಆರಂಭವಾಗಿ ಲೋಕವೆಲ್ಲ ಹರಡಿರುವ ‘ಆಲ್ಕೊಹಾಲಿಕ್ಸ್ ಅನಾ‌ನಿಮಸ್’ ಕೂಟಗಳ ಕ್ರಮವನ್ನು ನೋಡಿ. ಅಲ್ಲಿ ಯಾರೂ ಇನ್ನೊಬ್ಬನನ್ನು ಕುಡುಕನೆಂದು ಕರೆಯುವುದಿಲ್ಲ. ಪ್ರತಿಯೊಬ್ಬನೂ ತನ್ನ ಕಥೆಯನ್ನು ತಾನೇ ಹೇಳುತ್ತಾನೆ, ಉಳಿದವರು ಕೇಳುತ್ತಾರೆ. ನಮ್ಮ ಪಾಪನಿವೇದನೆಯ ಸಂಸ್ಕಾರವೂ ಹೀಗೆಯೇ ಅಲ್ಲವೇ? ಅಲ್ಲಿ ನೆರೆಯವನ ಪಾಪಕ್ಕೆ ಜಾಗವಿಲ್ಲ. “ನಾನೇ ತಂದುಕೊಂಡೆ” ಎಂಬುದು ಉತ್ತಮ ಪುರುಷದಲ್ಲಿ ಆಡಿದಾಗ ಪ್ರಾರ್ಥನೆಯಾಗುತ್ತದೆ. ಪ್ರಥಮ ಪುರುಷಕ್ಕೆ ತಿರುಗಿಸಿ “ಅವನೇ ತಂದುಕೊಂಡ” ಎಂದಾಗ ಕಲ್ಲಾಗುತ್ತದೆ. ದೇವರ ಶಿಸ್ತಿನ ಮಾತೂ ಹಾಗೆಯೇ. ತನ್ನ ನೋವಿನ ಒಳಗಿನಿಂದ, ಎಷ್ಟೋ ದಿನಗಳ ಮೇಲೆ, “ಇದರಲ್ಲಿ ದೇವರು ನನ್ನನ್ನು ಬೆಳೆಸಿದರು” ಎಂದು ಒಬ್ಬ ತಾಯಿ ಹೇಳಿದರೆ ಅದು ಸಾಕ್ಷ್ಯ. ಅದನ್ನೇ ನಾವು ಹೊರಗೆ ನಿಂತು ಅವಳಿಗೆ ಹೇಳಿದರೆ ಅದು ಬೆಂದ ಗಾಯಕ್ಕೆ ಉಪ್ಪು.

ಪ್ರಿಯ ವಾಚಕರೇ, ತಪಸ್ಸು ಕಾಲವು ಬಂದಾಗ ನಾವು ಮಾಂಸವನ್ನು ತೊರೆಯುತ್ತೇವೆ, ಉಪವಾಸವಿರುತ್ತೇವೆ, ಶಿಲುಬೆಯ ಹಾದಿಯನ್ನು ಮಾಡುತ್ತೇವೆ. ತಾವಾಗಿ ಸ್ವೀಕರಿಸುವ ಇಂತಹ ಕಷ್ಟಗಳಿಗೆ ಅರ್ಥ ಬರುವುದು ಅವು ಇನ್ನೊಬ್ಬರ ಕಷ್ಟದ ಕಡೆಗೆ ನಮ್ಮ ಬಾಗಿಲನ್ನು ತೆರೆದಾಗ ಮಾತ್ರ. ಪ್ರವಾದಿ ಯೆಶಾಯನು ಐವತ್ತೆಂಟನೆಯ ಅಧ್ಯಾಯದಲ್ಲಿ ದೇವರು ಮೆಚ್ಚುವ ಉಪವಾಸವೆಂದು ಹೇಳುವುದೂ ಇದನ್ನೇ: ನೊಗವನ್ನು ಮುರಿಯುವುದು, ಹಸಿದವನೊಡನೆ ರೊಟ್ಟಿಯನ್ನು ಹಂಚಿಕೊಳ್ಳುವುದು.

‘ಚೋಮನ ದುಡಿ’ಯನ್ನು ಒಮ್ಮೆ ಮನೆಮಂದಿಯೆಲ್ಲ ಓದಿ. ಅದು ಚಿಕ್ಕ ಪುಸ್ತಕ. ಓದಿದ ಮೇಲೆ ತಮ್ಮ ಧರ್ಮಕೇಂದ್ರದಲ್ಲಿ ಬಾಗಿಲು ಮುಚ್ಚಿಕೊಂಡ ಮನೆ ಯಾವುದೆಂದು ಯೋಚಿಸಿ. ಅದು ಕುಡಿಯುವವನ ಮನೆಯಾಗಿರಬಹುದು, ಬೆಳ್ಳಿಯಂತಹ ಮಗಳ ಮನೆಯಾಗಿರಬಹುದು, ಕೊಳವೆ ಬಾವಿ ಕೊರೆಸಿ ನೀರಿಲ್ಲದೆ ಸಾಲದಲ್ಲಿ ಮುಳುಗಿದವನ ಮನೆಯಾಗಿರಬಹುದು. ಅವರು ಎಲ್ಲಿ ತಪ್ಪಿದರೆಂಬ ಲೆಕ್ಕವನ್ನು ಅವರೂ ದೇವರೂ ನೋಡಿಕೊಳ್ಳಲಿ. ನಾವು ಹೋಗಿ ಬಾಗಿಲು ತಟ್ಟೋಣ. ಸಾಕಿ ಬೆಳೆಸುವ ತಂದೆಯ ಕೈ ಇಂದು ಆ ಮನೆಗೆ ತಲಪಬೇಕಾದರೆ, ಅದು ನಮ್ಮ ಕೈಯ ಮೂಲಕವೇ ತಲಪಬೇಕು.